ಹೇನು ಯಾರ ಮನೆಯದು

ಒಂದು ಶುಕ್ರವಾರ ಸಂಜೆ ಮಕ್ಕಳ ಶಾಲೆಯ ವಾಟ್ಸಪ್ ಗುಂಪಿನಲ್ಲಿ ಸಂದೇಶ ಬಂತು. ಕೆಲವು ಮಕ್ಕಳ ತಲೆಯಲ್ಲಿ ಹೇನು ಕಂಡುಬಂದಿದೆ, ಪಾಲಕರು ದಯವಿಟ್ಟು ಗಮನಿಸಬೇಕು ಎಂದಿತ್ತು. ಹತ್ತು ನಿಮಿಷದೊಳಗೆ ಪಾಲಕರೆಲ್ಲ ಕೈ ಮುಗಿದರು, ಹೆಬ್ಬೆರಳು ಎತ್ತಿದರು. ‘ನಮ್ಮ ಮಗುವಿಗೂ ಇರಬಹುದು’ ಎಂದು ಒಬ್ಬರೂ ಬರೆಯಲಿಲ್ಲ. ನಾನೂ ಕೈ ಮುಗಿದೆ. ಮುಗಿಯುವಾಗ ಕಣ್ಣೆದುರು ಬಂದದ್ದು ಇನ್ನೊಬ್ಬ ತಾಯಿಯ ಮುಖ. ಪಾಲಕರ ಸಭೆಗೆ ಯಾವತ್ತೂ ತಡವಾಗಿ ಬರುವವಳು, ಮಗುವಿನ ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸು ಹಾಕಿ ಕಳಿಸುವವಳು. ಪಾಪ, ಆಕೆಗೆ ಸಮಯ ಸಾಲುವುದಿಲ್ಲ ಎಂದು ಉದಾರ ಮನಸ್ಸಿನಿಂದ ಅವಳನ್ನು ಕ್ಷಮಿಸಿಯೂ ಬಿಟ್ಟೆ.

ಕ್ಷಮಿಸಿ ಮೊಬೈಲು ಕೆಳಗಿಟ್ಟು ನೋಡುತ್ತೇನೆ, ನನ್ನ ದೊಡ್ಡ ಮಗಳು ಗಣಿತ ಮಾಡುತ್ತ ಪೆನ್ಸಿಲಿನ ಹಿಂತುದಿಯಿಂದ ತಲೆ ಕೆರೆದುಕೊಳ್ಳುತ್ತಿದ್ದಾಳೆ.

ನಮಗೆ ನಾಲ್ಕು ಮಕ್ಕಳು. ಈ ಕಾಲದಲ್ಲಿ ನಾಲ್ಕು ಎಂದರೆ ಜನ ಮೊದಲು ಎಣಿಸುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಎರಡಕ್ಕೇ ನಿಲ್ಲಿಸುವವರಿದ್ದೆವು. ಅತ್ತೆಯವರ ಒತ್ತಾಯಕ್ಕೆ ಮೂರನೆಯದಾಯಿತು. ನಾಲ್ಕನೆಯದು ಹೇಳದೆ ಕೇಳದೆ ಮೂರನೆಯದರ ಜೊತೆಯಲ್ಲೇ ಬಂತು. ಇಸಳೂರಿನಲ್ಲಿ ಮನೆ ಕಟ್ಟಿಸಿದಾಗ ಅವಳಿಗಳಿಗೆ ಒಂದು ವರ್ಷ. ನಾನು ಸಿದ್ದಾಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪರಾವಲಂಬಿ ಜೀವಿಗಳ ಪಾಠವನ್ನು ಹದಿನಾಲ್ಕು ವರ್ಷದಿಂದ ಮಾಡುತ್ತ ಬಂದಿದ್ದೇನೆ. ಹೇನಿನ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲೆ.

“ಬಾ ಇಲ್ಲಿ, ತಲೆ ತೋರ್ಸು” ಎಂದೆ ಮಗಳಿಗೆ.

“ಎಂತಕ್ಕೆ?”

“ಸುಮ್ನೆ.”

“ಸುಮ್ನೆ ಯಾರೂ ತಲೆ ನೋಡ್ತ್ವಿಲ್ಲೆ” ಎಂದಳು.

ಅವಳಿಗೆ ಹನ್ನೊಂದು ವರ್ಷ. ಕಾರಣ ಕೊಡದೆ ಅವಳಿಂದ ಒಂದು ಲೋಟ ನೀರನ್ನೂ ತರಿಸಲಾಗುವುದಿಲ್ಲ. ಕಾರಣ ಹೇಳಿದೆ. ಪುಸ್ತಕ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಸಾಕ್ಷಿ ಹೇಳಲು ಬಂದವಳ ಹಾಗೆ ನನ್ನೆದುರು ಕೂತಳು. ಕಿವಿಯ ಹಿಂದೆ ಕೂದಲು ಸರಿಸಿದ ಕೂಡಲೇ ಒಂದು ಸಿಕ್ಕಿತು. ಬೋರ್ಡಿನ ಮೇಲೆ ನಾನು ಬಿಡಿಸುತ್ತಿದ್ದ ಹೇನಿಗೆ ಕಾಲು ಆರು ಇದ್ದರೂ ಅದು ಎಂದೂ ಓಡಿದ್ದಿಲ್ಲ. ಇದು ಓಡಿತು.

“ಇದು ಎನ್ನ ತಲೆಲಿ ಹುಟ್ಟಿದ್ದಲ್ಲ” ಎಂದಳು ಮಗಳು. “ಯಾರದ್ದೋ ತಲೆಯಿಂದ ಬಂದಿದ್ದು. ಯಾರದ್ದು ಹೇಳಿ ಗೊತ್ತಾಗವು.”

ಆ ರಾತ್ರಿಯೊಳಗೆ ಅವಳು ಬೆಂಚಿನಲ್ಲಿ ಪಕ್ಕ ಕೂರುವವರು, ಹಿಂದೆ ಕೂರುವವರು, ರಿಬ್ಬನ್ ಸಾಲ ತೆಗೆದುಕೊಂಡವರು ಎಂದು ಹನ್ನೆರಡು ಜನರ ಪಟ್ಟಿ ಮಾಡಿದಳು. ಒಳಗೊಳಗೇ ನನಗೂ ಅದೇ ಬೇಕಿತ್ತು. ಔಷಧಿಗಿಂತ ಮೊದಲು ಅಪರಾಧಿ ಸಿಗಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ.

ಉಳಿದ ಮೂವರನ್ನೂ ಸಾಲಾಗಿ ಕೂರಿಸಿ ನೋಡಿದೆ. ಮೂವರಿಗೂ ಇತ್ತು. ಎಂಟು ವರ್ಷದ ಎರಡನೆಯವನು ಖುಷಿಯಾದ. ತನ್ನ ತಲೆಯಿಂದ ತೆಗೆದದ್ದನ್ನು ಕೊಲ್ಲಲು ಬಿಡಲಿಲ್ಲ. ಅಜ್ಜಿಯ ಹೋಮಿಯೋಪತಿ ಗುಳಿಗೆಯ ಖಾಲಿ ಬಾಟಲಿ ತಂದು ಅದರೊಳಗೆ ಬಿಟ್ಟು, ಊಟಕ್ಕೆಂದು ಅಕ್ಕನ ಎರಡು ಕೂದಲು ಕಿತ್ತು ಹಾಕಿದ. ಅಕ್ಕ ಇದರ ವಿರುದ್ಧ ನನ್ನ ಹತ್ತಿರ ಲಿಖಿತ ದೂರು ಕೊಟ್ಟಳು. ಅವನು ಮಾತ್ರ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಆಯಿ, ಎಂಗಳ ನಾಲ್ಕೂ ಜನ್ರ ರಕ್ತ ಹೇನಿಗೆ ಒಂದೇ ರುಚಿ ಆಗ್ತಾ?” ಎಂದು ಕೇಳಿದ. ಹದಿನಾಲ್ಕು ವರ್ಷದಲ್ಲಿ ನನ್ನ ತರಗತಿಯಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. “ಸುಮ್ನಿರು” ಎಂದು ಬೈದೆ.

ಅವಳಿಗಳಿಗೆ ಐದು ವರ್ಷ. ಹುಡುಗಿ ಹುಟ್ಟಿದ ದಿನದಿಂದ ಮಾತಾಡುತ್ತಿದ್ದಾಳೆ. ಮನೆಯಲ್ಲಿ ಬೆಳಿಗ್ಗೆ ಏನು ನಡೆಯಿತು ಎನ್ನುವುದು ಹತ್ತು ಗಂಟೆಗೆ ಹಾಲಿನವರಿಗೆ, ಹನ್ನೊಂದಕ್ಕೆ ಎದುರು ಮನೆಯವರಿಗೆ ಗೊತ್ತಿರುತ್ತದೆ. ಹುಡುಗ ಬಾಯೇ ಬಿಡುವುದಿಲ್ಲ. ಕಿವಿ ಸರಿ ಇದೆ, ನಾಲಿಗೆ ಸರಿ ಇದೆ, ಡಾಕ್ಟರು ಪರೀಕ್ಷೆ ಮಾಡಿ ‘ಅವನಿಗೆ ಬೇಕೆನಿಸಿದಾಗ ಆಡುತ್ತಾನೆ’ ಎಂದಿದ್ದರು. ಅವನಿಗೆ ಬೇಕೆನಿಸುವುದು ವಾರಕ್ಕೆ ಒಂದೆರಡು ಸಲ. ತಲೆ ಮುಟ್ಟಲು ಹೋದರೆ ಮಂಚದಡಿ ಸೇರುತ್ತಾನೆ. ಅವನ ತಲೆಯಲ್ಲಿ ಹೇನಿದೆ ಎಂಬುದನ್ನು ಟಾರ್ಚು ಹಾಕಿಕೊಂಡು, ಮಂಚದಡಿ ಮಲಗಿ ಪತ್ತೆ ಮಾಡಬೇಕಾಯಿತು.

ಅತ್ತೆಯವರಿಗೆ ಎಪ್ಪತ್ತೆರಡು. ಸುದ್ದಿ ಕೇಳಿ ಜಪದ ಕೋಣೆಯಿಂದ ಎದ್ದು ಬಂದು ಒಂದೇ ಮಾತಿನಲ್ಲಿ ವಿಚಾರಣೆ ಮುಗಿಸಿದರು. “ನಮ್ಮನೆಲಿ ಹೇನೇ ಇತ್ತಿಲ್ಲೆ. ಹೋದ ತಿಂಗಳು ಮಕ್ಕಳ ಕರ್ಕಂಡು ವಜ್ರಳ್ಳಿಗೆ ಹೋಗಿದ್ಯಲೆ, ಅಲ್ಲಿಂದ್ಲೇ ಬಂದಿದ್ದು.” ವಜ್ರಳ್ಳಿ ನನ್ನ ತವರು. ನಮ್ಮ ಮನೆಯಲ್ಲಿ ಮಕ್ಕಳಿಗೆ ಬರುವ ಜ್ವರ, ಕೆಮ್ಮು, ಹಟ, ಕಡಿಮೆ ಅಂಕ ಎಲ್ಲವೂ ವಜ್ರಳ್ಳಿಯ ಬಸ್ಸಿನಲ್ಲೇ ಬರುತ್ತವೆ. ಜಾಣತನ ಮಾತ್ರ ಇಲ್ಲಿಯದು.

ಇವರು, ಅಂದರೆ ನನ್ನ ಗಂಡ, ಪೇಪರಿನಿಂದ ತಲೆ ಎತ್ತಲಿಲ್ಲ. ಇವರ ತಲೆಯಲ್ಲಿ ಕಿವಿಯ ಸುತ್ತ ನಾಲ್ಕು ಕೂದಲು ಬಿಟ್ಟರೆ ಬೇರೇನೂ ಉಳಿದಿಲ್ಲ. ಹೀಗಾಗಿ ಇಡೀ ಪ್ರಕರಣದಲ್ಲಿ ಮೊದಲಿನಿಂದ ಕೊನೆಯವರೆಗೆ ತಟಸ್ಥರಾಗಿದ್ದರು. “ಎಲ್ಲರಿಗೂ ಬೋಳಿಸಿದ್ರೆ ಮುಗತ್ತು” ಎಂದು ಒಂದು ಸಲಹೆ ಕೊಟ್ಟು ಸ್ನಾನಕ್ಕೆ ಹೋದರು. ದೊಡ್ಡವಳು ಎರಡು ದಿನ ತಲೆಗೆ ಟವೆಲು ಸುತ್ತಿಕೊಂಡೇ ಓಡಾಡಿದಳು.

ಅತ್ತೆಯವರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎಲ್ಲರ ತಲೆಗೆ, ಮಾತಾಡದವನಿಗೆ ಮಾತ್ರ ನಿದ್ದೆ ಬಂದ ಮೇಲೆ, ತಿಕ್ಕಿದರು. ಮನೆ ದೇವಸ್ಥಾನದ ಹಾಗೆ ಪರಿಮಳಿಸಿತು. ಮಾತಿನ ಮಗಳು “ಮಂಗಳಾರತಿ ಯಾವಾಗ?” ಎಂದು ಕೇಳಿದಳು. ಹೇನುಗಳಿಗೆ ದೈವಭಕ್ತಿ ಇತ್ತೆಂದು ಕಾಣುತ್ತದೆ. ಒಂದೂ ಹೋಗಲಿಲ್ಲ.

ಸೋಮವಾರ ಅವಳಿಗಳಿಬ್ಬರನ್ನೂ ಶಾಲೆಗೆ ಕಳಿಸಲಿಲ್ಲ. ಇಬ್ಬರನ್ನೂ ನೋಡಿಕೊಳ್ಳುವುದು ಅತ್ತೆಯವರಿಂದ ಆಗುವುದಿಲ್ಲ ಎಂದು ಹುಡುಗಿಯನ್ನು ನನ್ನ ಜೊತೆ ಸಿದ್ದಾಪುರದ ಬಸ್ಸಿಗೆ ಹತ್ತಿಸಿಕೊಂಡೆ. ಬಸ್ಸು ತುಂಬಿತ್ತು. ಕಂಡಕ್ಟರು ಪ್ರೀತಿಯಿಂದ ಅವಳ ಗಲ್ಲ ಹಿಡಿದು, “ಏನಮ್ಮಾ, ಇವತ್ತು ಶಾಲೆ ಇಲ್ವಾ?” ಎಂದರು.

“ಇದ್ದು. ಎಂಗಳ ಮನೇಲಿ ಎಲ್ಲರ ತಲೆಲೂ ಹೇನು ಇದ್ದು. ಅದಕ್ಕೆ ಕಳ್ಸಿದ್ವಿಲ್ಲೆ” ಎಂದಳು, ಹಿಂದಿನ ಸೀಟಿಗೂ ಕೇಳುವ ಹಾಗೆ.

ಆ ದಿನ ಮೂರು ಜನರ ಸೀಟಿನಲ್ಲಿ ನಾವಿಬ್ಬರೇ ಸಿದ್ದಾಪುರದವರೆಗೆ ಹೋದೆವು.

ಇನ್ನು ಔಷಧಿಯೇ ಆಗಬೇಕೆಂದು ಮಂಗಳವಾರ ಸಂಜೆ ಪೇಟೆಗೆ ಹೊರಟೆ. ಸೋಮವಾರದ ಅನುಭವವಿತ್ತಲ್ಲ, ಮಾತಾಡುವವಳನ್ನು ಬಿಟ್ಟು ಮಾತಾಡದವನನ್ನು ಕರೆದುಕೊಂಡು ಹೋದೆ. ನಾಲ್ಕು ಮಕ್ಕಳನ್ನು ಹೆತ್ತದ್ದಕ್ಕೆ ಒಂದು ಅನುಕೂಲವೆಂದರೆ ಸಂದರ್ಭಕ್ಕೆ ತಕ್ಕ ಮಗುವನ್ನು ಆರಿಸಿಕೊಳ್ಳಬಹುದು ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಮೆಡಿಕಲ್ ಅಂಗಡಿಯಲ್ಲಿ ಐದಾರು ಜನರಿದ್ದರು. ಅವರು ಹೋಗಲಿ ಎಂದು ಬೇಡದ ಟೂತ್‌ಪೇಸ್ಟು ಕೇಳಿದೆ, ಬೇಡದ ಬ್ಯಾಂಡೇಜು ಕೇಳಿದೆ. ಇಬ್ಬರು ಹೋದರೆ ಮೂವರು ಬಂದರು. ಕೊನೆಗೆ ಕೌಂಟರಿನ ಮೇಲೆ ಬಗ್ಗಿ, ಸಣ್ಣ ದನಿಯಲ್ಲಿ ಹೇನಿನ ಔಷಧಿ ಕೇಳಿದೆ. ಅಂಗಡಿಯವರು ನನ್ನನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು. ಪಕ್ಕದಲ್ಲಿದ್ದ ಹೆಂಗಸು ಅರ್ಧ ಹೆಜ್ಜೆ ಸರಿದಳು. ಆ ಅರ್ಧ ಹೆಜ್ಜೆ ನನ್ನನ್ನು ಕೆಡಿಸಿತು.

“ನಮ್ಮನೆಗಲ್ಲ” ಎಂದೆ. “ನಮ್ಮನೆ ಕೆಲಸಕ್ಕೆ ಬರ್ತಾಳಲ್ಲ, ಅವಳ ಮಗಳಿಗೆ. ಪಾಪ, ತಲೆ ತುಂಬ ಆಗಿದೆಯಂತೆ.”

ಪಾಪ ಎನ್ನುವುದನ್ನೂ ಬಿಡಲಿಲ್ಲ. ಅಂಗಡಿಯವರು ಮೆಚ್ಚುಗೆಯಿಂದ ತಲೆಯಾಡಿಸಿ, “ನಿಮ್ಮಂಥವರು ಇರ್ಬೇಕು” ಎಂದು ಎರಡು ಬಾಟಲಿ, ಸಣ್ಣ ಹಲ್ಲಿನ ಒಂದು ಬಾಚಣಿಗೆ ಕೊಟ್ಟರು. ಸರಿದಿದ್ದ ಹೆಂಗಸು ಮತ್ತೆ ಹತ್ತಿರ ಬಂದು ನಿಂತಳು. ಮಗ ನನ್ನ ಸೆರಗು ಹಿಡಿದುಕೊಂಡು ಎಲ್ಲವನ್ನೂ ಕೇಳುತ್ತಿದ್ದ.

ನಮ್ಮ ಮನೆಗೆ ಬೆಳಿಗ್ಗೆ ಪಾತ್ರೆ ತೊಳೆದು ನೆಲ ಒರೆಸಲು ಬರುವಾಕೆ ಹಾವೇರಿ ಕಡೆಯವಳು. ಇಸಳೂರಿನಲ್ಲಿ ಏಳುತ್ತಿರುವ ಹೊಸ ಮನೆಗಳಿಗೆಲ್ಲ ಅವಳ ಗಂಡ ಟೈಲ್ಸ್ ಕೂರಿಸುತ್ತಾನೆ. ನಮ್ಮ ಮನೆಯದನ್ನೂ ಅವನೇ ಕೂರಿಸಿದ್ದು. ಅವರಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷ, ಸೊಂಟದವರೆಗೆ ಜಡೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯಿತ್ತು. ಆಕೆ ತನ್ನ ತಾಯಿಯ ಬಿ.ಪಿ. ಮಾತ್ರೆಯನ್ನು ತಿಂಗಳು ತಿಂಗಳೂ ಅದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಎಂದಿನ ಹೊತ್ತಿಗೇ ಬಂದಳು, ಮಗಳನ್ನೂ ಕರೆದುಕೊಂಡು. ಅಡುಗೆಮನೆಗೆ ಹೋಗದೆ ಜಗಲಿಯಲ್ಲೇ ನಿಂತಳು. ನಾನು ಇಡ್ಲಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ನಾಲ್ಕೂ ಮಕ್ಕಳು ತಿಂಡಿಗೆ ಕಾಯುತ್ತ ಅಲ್ಲೇ ಇದ್ದರು.

“ಅಕ್ಕಾರ” ಎಂದಳು, “ನನ್ನ ಮಗಳ ತಲ್ಯಾಗ ಹೇನು ಭಾಳ ಆಗ್ಯಾವ ಅಂತ ಮೆಡಿಕಲ್‌ನ್ಯಾಗ ಹೇಳೀರಂತ. ಔಷಧ ಹತ್ತಿತೇನು ಅಂತ ಅಂಗಡಿ ಅಣ್ಣಾರು ನಿನ್ನೆ ನಾಕು ಮಂದಿ ಮುಂದ ನನ್ನ ಕೇಳಿದ್ರು. ನೀವು ಹೇಳಿದ್ದು ಖರೇ ಏನ್ರಿ?”

“ಅಯ್ಯೋ, ಹಾಗಲ್ಲ, ಅವರು ತಪ್ಪು ತಿಳ್ಕೊಂಡಿರ್ಬೇಕು” ಎಂದೆ. “ನಾನು ಬೇರೆ ಯಾರದ್ದೋ ವಿಷಯ ಹೇಳ್ತಿದ್ದೆ.”

ಇಲ್ಲಿ ನನ್ನ ಕಣ್ಣು ಮಾತಿನ ಮಗಳ ಮೇಲಿತ್ತು. ಅವಳು ಬಾಯಿ ತೆರೆದರೆ ಒಳಗೆ ಕಳಿಸಬೇಕೆಂದು ಸಿದ್ಧಳಾಗಿದ್ದೆ. ಅವಳು ಬಾಯಿ ತೆರೆಯಲಿಲ್ಲ.

“ಆಯಿ ಸುಳ್ಳು ಹೇಳಿದ್ದು” ಎಂದ ಮಗ.

ಆ ವಾರದಲ್ಲಿ ಅವನು ಆಡಿದ ಮೊದಲ ಮಾತು ಅದು. ಸ್ಪಷ್ಟವಾಗಿತ್ತು. ಒಂದು ಅಕ್ಷರವೂ ತೊದಲಲಿಲ್ಲ. ಡಾಕ್ಟರು ಹೇಳಿದ್ದು ಸರಿ, ಅವನಿಗೆ ಬೇಕೆನಿಸಿತ್ತು. “ಅಂಗಡಿಲಿ ಹೇಳ್ತು. ಪಾಪ ಹೇಳ್ತು” ಎಂದೂ ಸೇರಿಸಿದ.

ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ಉತ್ತರ ಕೊಡುವ ಅಭ್ಯಾಸ ನನಗಿದೆ. ಬೈಯಲಿಲ್ಲ. ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ, ಜಡೆ ಬಿಚ್ಚಿ, ಕೂದಲನ್ನು ಬೆರಳಿನಿಂದ ಎರಡು ಭಾಗ ಮಾಡಿ, “ನೋಡ್ರಿ” ಎಂದಳು. ನೋಡಿದೆ. ಇನ್ನೊಂದು ಕಡೆ ಬೈತಲೆ ತೆಗೆದು, “ಇಲ್ಲೂ ನೋಡ್ರಿ” ಎಂದಳು. ಕಿವಿಯ ಹಿಂದೆ, ಕತ್ತಿನ ಮೇಲೆ, ನೆತ್ತಿಯಲ್ಲಿ, ಎಲ್ಲ ಕಡೆ ತೋರಿಸಿದಳು. ಆಗಷ್ಟೇ ಒರೆಸಿದ ನೆಲದ ಹಾಗಿತ್ತು ಆ ಹುಡುಗಿಯ ತಲೆ. ಒಂದು ಸೀರೂ ಇಲ್ಲ. ಹುಡುಗಿ ಕಣ್ಣು ಕೆಳಗೆ ಹಾಕಿ ಕೂತಿದ್ದಳು. ಹೆಚ್ಚುಕಡಿಮೆ ಅವಳ ವಯಸ್ಸಿನ ನನ್ನ ದೊಡ್ಡ ಮಗ ಕೈಯಲ್ಲಿದ್ದ ಹೇನಿನ ಬಾಟಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡ.

“ಈಗ ನಿಮ್ಮವರ್ನ ಕೂಡಸ್ರಿ” ಎಂದಳು ಆಕೆ.

ಕೂರಿಸಿದೆ. ಬೇರೇನು ಮಾಡುವುದಿತ್ತು. ದೊಡ್ಡವಳು ತಾನಾಗಿಯೇ ಹೋಗಿ ಮೊದಲು ಕೂತು, “ನಿಮ್ಮ ಮಗಳ ಪಟ್ಟಿಲಿ ಹಾಕಿದ್ದಿಲ್ಲೆ ನಾನು” ಎಂದು ತನ್ನ ಕಡೆಯಿಂದ ಸ್ಪಷ್ಟೀಕರಣ ಕೊಟ್ಟಳು. ಎರಡನೆಯವನು, ಬೆರಳಿನಲ್ಲೇ ಸೀರು ಎಳೆಯುವುದು ಹೇಗೆ ಎಂದು ಕೇಳಿ ಕಲಿತ. ಮಾತಿನವಳು ತನ್ನ ತಲೆಯ ಹೇನುಗಳನ್ನು ಒಂದೊಂದಾಗಿ ಎಣಿಸಿ ಅಕ್ಕನಿಗಿಂತ ತನ್ನದೇ ಹೆಚ್ಚು ಎಂದು ಸಂಭ್ರಮಪಟ್ಟಳು. ಮೂಕಯ್ಯ ಮಂಚದಡಿ ಓಡಲಿಲ್ಲ. ತಾನೇ ಬಂದು ಆಕೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ. ಐದು ವರ್ಷದಿಂದ ಅವನ ತಲೆಯನ್ನು ನಿದ್ದೆಯಲ್ಲಿ ಮಾತ್ರ ಮುಟ್ಟಲು ಸಾಧ್ಯವಾಗುತ್ತಿದ್ದ ನಾನು ಇಡ್ಲಿ ಹಿಟ್ಟು ಒಣಗುತ್ತಿದ್ದ ಕೈಯಲ್ಲಿ ನಿಂತು ನೋಡಿದೆ.

ನಾಲ್ವರದ್ದೂ ಮುಗಿದ ಮೇಲೆ ಆಕೆ ನನ್ನ ಕಡೆ ತಿರುಗಿ, “ನೀವೂ ಕೂಡ್ರಿ ಅಕ್ಕಾರ” ಎಂದಳು.

“ನನಗೆಂತದೂ ಇಲ್ಲ. ಸ್ವಲ್ಪ ಹೊಟ್ಟಾಗಿ ಕಡಿತದೆ ಅಷ್ಟೆ.”

“ಕೂಡ್ರಿ.”

ಕೂತೆ. ಆಕೆ ಮುಡಿ ಬಿಚ್ಚಿ, ಒಮ್ಮೆ ಕೂದಲು ಸರಿಸಿ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು: “ಮಕ್ಕಳ ತಲ್ಯಾಗಿನವು ಸಣ್ಣವು ಅದಾವ್ರಿ. ನಿಮ್ಮ ತಲ್ಯಾಗಿನವು ಮೊಮ್ಮಕ್ಕಳ್ನ ಕಂಡಾವು.”

ಒಳಗೆ ಜಪ ನಿಂತಿತು. ಬಾಗಿಲಲ್ಲಿ ಅತ್ತೆಯವರು ಕಾಣಿಸಿಕೊಂಡರು. ಅವರ ಮುಖದಲ್ಲಿ ವಜ್ರಳ್ಳಿಯ ವಿಷಯದಲ್ಲಿ ತಾವು ಹೇಳಿದ್ದು ನಿಜವಾಯಿತೆಂಬ ತೃಪ್ತಿ ಇತ್ತು. ದೊಡ್ಡವಳು ಒಳಗೆ ಹೋಗಿ ತನ್ನ ಪಟ್ಟಿ ತಂದಳು. ಹನ್ನೆರಡು ಹೆಸರುಗಳ ಮೇಲೆ ಗೆರೆ ಎಳೆದು, ಕೆಳಗೆ ‘ಆಯಿ’ ಎಂದು ಬರೆದಳು. ದುಂಡಗಿನ ಒಳ್ಳೆಯ ಅಕ್ಷರ ಅವಳದು.

ಆಕೆ ಮಗಳ ಜಡೆ ಮತ್ತೆ ಹೆಣೆದು, ಎದ್ದು, “ನಾಳಿಂದ ಬರೂದಿಲ್ರಿ” ಎಂದು ಹೇಳಿ ಹೋದಳು.

ಮುಂದಿನ ಹತ್ತು ದಿನ ಮನೆ ನಡೆದ ರೀತಿಯನ್ನು ವಿವರಿಸುವುದು ಬೇಡ. ದೊಡ್ಡವಳು ಯಾರು ಯಾವ ಪಾತ್ರೆ ತೊಳೆಯಬೇಕೆಂದು ವೇಳಾಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು, ಅದರಲ್ಲಿ ಅವಳ ಹೆಸರಿನ ಮುಂದೆ ‘ಮೇಲ್ವಿಚಾರಣೆ’ ಎಂದಿತ್ತು. ಎರಡನೆಯವನು ಸೋಪಿನ ಗುಳ್ಳೆಯ ಮೇಲೆ ಸಂಶೋಧನೆ ಮಾಡುತ್ತ ಮೂರು ಗಾಜಿನ ಲೋಟ ಒಡೆದ. ಮಾತಿನವಳು ಕೆಲಸದ ಅಕ್ಕ ಯಾಕೆ ಬರುತ್ತಿಲ್ಲ ಎನ್ನುವುದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಇವರು ಊಟ ಮಾಡಿದ ತಟ್ಟೆಯನ್ನು ಸಿಂಕಿನವರೆಗೆ ಒಯ್ದು ಇಟ್ಟರು. ಅದನ್ನು ಇನ್ನೂ ಆಗಾಗ ನೆನಪಿಸುತ್ತಾರೆ.

ದೊಡ್ಡವಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ನಾನು ಔಷಧಿ ಹಚ್ಚಿ ಅವಳ ತಲೆ ಬಾಚುತ್ತಿದ್ದಾಗ ಕೇಳಿದಳು: “ಅಂಗಡಿಲಿ ಎನ್ನ ಹೆಸರು ಹೇಳಿದ್ರೆ ಎಂತಾ ಆಗ್ತಿತ್ತು?”

“ನಿನ್ನ ಮರ್ಯಾದೆ ಹೋಗ್ತಿತ್ತು.”

“ಆ ಕೂಸಿಗೆ ಮರ್ಯಾದೆ ಇಲ್ಯಾ?”

ಬಾಚುವುದನ್ನು ಮುಂದುವರಿಸಿದೆ. ಅವಳು ಉತ್ತರಕ್ಕೆ ಕಾದಳು. ಕಾರಣ ಸಿಗದಿದ್ದರೆ ಬಿಡುವವಳಲ್ಲ, ಆದರೆ ಅವತ್ತು ಬಿಟ್ಟಳು. ಅದು ನನಗೆ ಇನ್ನೂ ಕಷ್ಟವಾಯಿತು.

ಮರುದಿನ ಶಾಲೆಯಿಂದ ಬರುವಾಗ ಪೇಟೆಯಲ್ಲಿ ಇಳಿದು ಮೆಡಿಕಲ್ ಅಂಗಡಿಗೆ ಹೋದೆ. ಈ ಸಲ ಜನ ಕಡಿಮೆಯಾಗಲಿ ಎಂದು ಕಾಯಲಿಲ್ಲ. ಕಾದರೆ ಕಾಲು ಮನೆಗೆ ತಿರುಗುತ್ತದೆಂದು ಗೊತ್ತಿತ್ತು. “ಮೊನ್ನೆ ನಾನು ಹೇನಿನ ಔಷಧಿ ತಗೊಂಡೆನಲ್ಲ, ಅದು ನಮ್ಮನೆಗೆ. ನಮ್ಮ ನಾಲ್ಕು ಮಕ್ಕಳಿಗೂ ಇತ್ತು, ನನಗೂ ಇತ್ತು. ಆ ಹುಡುಗಿಗೆ ಇರಲಿಲ್ಲ. ನಾನು ಸುಳ್ಳು ಹೇಳಿದ್ದು” ಎಂದು ಒಂದೇ ಉಸಿರಿಗೆ ಹೇಳಿದೆ. ಪಕ್ಕದಲ್ಲಿದ್ದವರು ಅರ್ಧ ಹೆಜ್ಜೆಯಲ್ಲ, ಪೂರ್ತಿ ಎರಡು ಹೆಜ್ಜೆ ಸರಿದರು.

ಅಂಗಡಿಯವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಚೀಟಿ ಬರೆಯುತ್ತಲೇ ಹೇಳಿದರು: “ಅಕ್ಕಾ, ನಾನು ಈ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಒಬ್ಬರೂ ತಮ್ಮನೆಗೆ ಅಂತ ಹೇನಿನ ಔಷಧಿ ತಗೊಂಡು ಹೋದವರಿಲ್ಲ. ಎಲ್ಲ ಕೆಲಸದವರ ಮಕ್ಕಳಿಗೇ. ಕೆಲಸದವರು ಮಾತ್ರ ಒಬ್ಬರೂ ಬಂದು ಕೇಳಿದ್ದಿಲ್ಲ.” ಚೀಟಿ ಹರಿಯುತ್ತ, “ನಾನೂ ನಂಬಿದವನಂತೆ ಮಾಡ್ತೇನೆ. ವ್ಯಾಪಾರ ನೋಡಿ” ಎಂದರು.

ನಂಬಿದವನಂತೆ ಮಾಡಿದ್ದರೆ ಆಕೆಯನ್ನು ನಾಲ್ಕು ಜನರ ಮುಂದೆ ಕೇಳಿದ್ದು ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳುವ ಯೋಗ್ಯತೆ ನನಗಿರಲಿಲ್ಲ.

ಅಲ್ಲಿಂದ ಆಕೆಯ ಮನೆಗೆ ಹೋದೆ. ಇಸಳೂರಿನ ಕೊನೆಯಲ್ಲಿ ಅರ್ಧ ಕಟ್ಟಿದ ಒಂದು ಮನೆಯ ಹಿಂದೆ ಎರಡು ಕೋಣೆ. ನಾಲ್ಕು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಆಕೆ ಹೊಸ್ತಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಏಳಲಿಲ್ಲ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

“ಅಂಗಡಿಯಲ್ಲಿ ಹೇಳಿ ಬಂದೆ” ಎಂದೆ.

“ಗೊತ್ತಾತ್ರಿ. ಅಣ್ಣಾರು ಫೋನ್ ಮಾಡಿದ್ರು.” ಮೊರದಿಂದ ಒಂದು ಕಲ್ಲು ಎತ್ತಿ ಎಸೆದಳು. “ಶಾಲ್ಯಾಗ ಹುಡುಗ್ರು ನನ್ನ ಮಗಳ ಬಾಜೂಕ ಕೂಡೂದು ಬಿಟ್ಟಿದ್ರು. ಮೊನ್ನೆ ನಾನ ಹೋಗಿ ಟೀಚರ್‌ಗ ತಲಿ ತೋರಿಸಿ ಬಂದೀನಿ.”

ನನಗೆ ಅದು ಗೊತ್ತಿರಲಿಲ್ಲ. ತಪ್ಪಾಯಿತು ಎಂದೆ. ಅಷ್ಟು ದೊಡ್ಡದಕ್ಕೆ ಆ ಮಾತು ಬಹಳ ಸಣ್ಣದೆಂದು ಇಬ್ಬರಿಗೂ ತಿಳಿದಿತ್ತು.

“ಸೋಮಾರ ಬರ್ತೀನ್ರಿ” ಎಂದಳು ಕೊನೆಗೆ. “ಆ ಸಣ್ಣ ಹುಡುಗನ ಸಲುವಾಗಿ ಬರ್ತೀನಿ. ಖರೇ ಮಾತಾಡ್ಯಾನ. ಆದ್ರ ನನ್ನ ಮಗಳ ಹೆಸರ್ಲೆ ಇನ್ನೊಮ್ಮೆ ಏನೂ ತರಬ್ಯಾಡ್ರಿ, ಒಳ್ಳೇದ್ನೂ ತರಬ್ಯಾಡ್ರಿ.”

ಬ್ಯಾಗಿನಲ್ಲಿ ಅವಳ ಮಗಳಿಗೆಂದು ತಂದಿದ್ದ ಹೊಸ ರಿಬ್ಬನ್ನುಗಳಿದ್ದವು. ಜಿಪ್ಪು ತೆರೆಯಲಿಲ್ಲ.

ಸೋಮವಾರ ಬಂದಳು. ನಾವು ಮೊದಲಿನಷ್ಟು ಮಾತಾಡುವುದಿಲ್ಲ. ಹೇನು ಪೂರ್ತಿ ಹೋಗಲು ಇನ್ನೂ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಭಾನುವಾರ ಆಕೆ ತಾನಾಗಿಯೇ ಬಂದು ನಾಲ್ವರನ್ನೂ ಜಗಲಿಯಲ್ಲಿ ಕೂರಿಸಿ ನೋಡಿದಳು. ನನ್ನ ತಲೆಯನ್ನು ನಾನೇ ಬಾಚಿಕೊಂಡೆ.

ಕೊನೆಯ ಭಾನುವಾರ ನಾನು ಒಳಗೆ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಜಗಲಿಯಲ್ಲಿ ಯಾರೋ ಬಿಡದೆ ಮಾತಾಡುತ್ತಿರುವುದು ಕೇಳಿತು. ಮಾತಿನವಳೇ ಇರಬೇಕೆಂದುಕೊಂಡೆ. ಅವಳು ನೋಡಿದರೆ ನನ್ನ ಪಕ್ಕದಲ್ಲೇ ನಿಂತು ಬೆಲ್ಲ ಕದಿಯುತ್ತಿದ್ದಳು. ಒಲೆ ಸಣ್ಣ ಮಾಡಿ ಕಿವಿಗೊಟ್ಟೆ. ಮಾತಾಡುತ್ತಿದ್ದದ್ದು ಮಗ. ಆಕೆಯ ಮಡಿಲಲ್ಲಿ ಮಲಗಿಕೊಂಡು, ಯಾವುದೋ ನಾಯಿಯ ಬಗ್ಗೆ, ಮಧ್ಯೆ ಮಧ್ಯೆ ನಗುತ್ತ, ಉದ್ದಕ್ಕೆ ಹೇಳುತ್ತಿದ್ದ. ಆಕೆ “ಹೌದೇನು, ಆಮ್ಯಾಲ?” ಎನ್ನುತ್ತಿದ್ದಳು. ನಾನು ಬಾಗಿಲಿಗೆ ಬಂದೆ. ನಿಲ್ಲಿಸಿಬಿಟ್ಟ.

ಈಗ ಅವನು ದಿನಕ್ಕೆ ಹತ್ತಿಪ್ಪತ್ತು ಮಾತಾಡುತ್ತಾನೆ, ಎಲ್ಲವೂ ಹಾವೇರಿಯ ಮಾತು. ಮಧ್ಯಾಹ್ನ ಜಪದ ಕೋಣೆಯ ಬಾಗಿಲಿಗೆ ಹೋಗಿ, “ಅಜ್ಜಿ, ಊಟಕ್ಕ ಬರ್ರಿ” ಎಂದು ಕರೆಯುತ್ತಾನೆ. ಮಾಣಿಯ ಭಾಷೆ ಹಾಳಾಯಿತು ಎಂದು ಅತ್ತೆಯವರು ದಿನವೂ ಕೊರಗುತ್ತಾರೆ. ಕೊರಗುತ್ತಲೇ ಎದ್ದು ಊಟಕ್ಕೆ ಬರುತ್ತಾರೆ.